ಮ್ಯಾಲಕ್ಕ ತಿರುವಿದ ಕೈ

ಜೀಪು ಅಂದ್ರ ನನಗ ಇವತ್ತಿಗೂ ಮೈ ಉರೀತೈತಿ. ಮಂದಿ ಅದನ್ನ ನೋಡಿ ಖುಷಿ ಪಡತಾರ, ಹುಡುಗ್ರು ಅದರ ಮುಂದ ನಿಂತು ಫೋಟೋ ತಗಸಿಕೋತಾರ. ಪಡಲಿ, ತಗಸಿಕೊಳ್ಳಲಿ. ನಮ್ಮ ಮನ್ಯಾಗ ಒಂದ ಜೀಪಿನ ಸಲುವಾಗಿ ಹದಿನೈದು ವರ್ಷ ಒಬ್ಬರ ಮಾರಿ ಒಬ್ಬರು ನೆಟ್ಟಗ ನೋಡಲಿಲ್ಲ. ಕೊಣ್ಣೂರ ಸುತ್ತಮುತ್ತ ಯಾರನ್ನ ಕೇಳಿದ್ರೂ ಆ ಸುದ್ದಿ ಎರಡ ಮಾತಿನಾಗ ಮುಗಸತಿದ್ರು: ತಮ್ಮ ಮಸ್ತಿ ಮಾಡಿ ಜೀಪು ಉರುಳಿಸಿದ, ಪೈಲವಾನ ಅಣ್ಣನ ಕಾಲು ಮುರದ. ಆ ತಮ್ಮ ನಾನು. ಜೀಪು ಉರುಳಿದ್ದು ಖರೆ, ಕಾಲು ಮುರದದ್ದೂ ಖರೆ. ಆದ್ರ ಸ್ಟೇರಿಂಗ ತಿರುವಿದ ಕೈ ನಂದಲ್ಲ. ನಮ್ಮಪ್ಪಂದು. ಇಷ್ಟ ಹೇಳಾಕ ನನಗ ಅರ್ಧ ಆಯುಷ್ಯ ಹಿಡೀತು.

ನಮ್ಮಪ್ಪ ಎತ್ತಿನ ಗಾಡಿ ಹೊಡಿಯೂದ್ರಾಗ ಹೆಸರಾದಾಂವ. ಕಬ್ಬು ಹೇರಿದ ಗಾಡಿನ ಘಟಪ್ರಭಾ ದಂಡಿ ಹಿಡದು ಗಾಣದ ತನಕ ತರೂದಂದ್ರ ಆಟ ಅಲ್ಲ. ಒಂದ ಕಡೆ ಹೊಳಿ, ಇನ್ನೊಂದ ಕಡೆ ಏರು, ನಡುವ ಗಾಲಿ ಹೂತಕೊಳ್ಳೂ ಎರಿ ಮಣ್ಣು. ಅಲ್ಲಿ ಎಷ್ಟೋ ಮಂದಿ ಗಾಡಿ ಮಗಚಿ ಹಾಕ್ಯಾರ. ನಮ್ಮಪ್ಪ ಒಮ್ಮೆಯೂ ಹಾಕಲಿಲ್ಲ, ಅದನ್ನ ದಿನಕ್ಕ ಒಮ್ಮೆ ಹೇಳದ ಬಿಡಲಿಲ್ಲ. ಅಂವನ ಗುಟ್ಟು ಇಷ್ಟ: ಗಾಡಿ ತೆಳಗಿನ ಕಡೆ ವಾಲಾಕ ಹತ್ತಿದ ಕೂಡಲೆ ಎತ್ತಿನ ಮೂತಿ ಏರಿನ ಕಡೆ ತಿರುವಬೇಕು. ಎತ್ತು ಏರಿಗೆ ಎದಿ ಕೊಡತಾವ, ಗಾಡಿ ತನ್ನ ಭಾರಕ್ಕ ತಾನ ನಿಂದರತೈತಿ. ನನಗ ಏಳು ವರ್ಷ ಆದಾಗ ಇದನ್ನ ಕಲಿಸಿದ. ಒಮ್ಮೆ ತಪ್ಪಿದ್ದಕ್ಕ ಬಾರಕೋಲಿಲೆ ಬೆನ್ನಿಗೆ ಎಳದ. ನಮ್ಮ ಸೀಮಿಯಾಗ ಗಾಡಿ ಹೊಡಿಯೂ ಎಲ್ಲಾರ ಕೈಗೂ ಇದು ರೂಢಿ, ತೆಲಿ ವಿಚಾರ ಮಾಡೂದ್ರೊಳಗ ಕೈ ಹಗ್ಗ ಜಗ್ಗಿರತೈತಿ.

ಇಂಗ್ರೇಜರು ಹೋಗಿ ಎರಡು ಮೂರು ವರ್ಷ ಆಗಿತ್ತು. ಲಡಾಯಿಯೊಳಗ ಓಡಿಸಿ ಬ್ಯಾಡಾದ ಜೀಪುಗಳನ್ನ ಮಿಲಿಟರಿಯವರು ಲಿಲಾವಿನಾಗ ಮಾರತಿದ್ರು. ಮೂಡಲಗಿ ಕಡೆ ನಮ್ಮಪ್ಪಗ ಒಬ್ಬ ಬೀಗ ಇದ್ದ, ಬೀಗಸ್ತನಕ್ಕಿಂತ ಹೊಟ್ಟಿಕಿಚ್ಚು ಹೆಚ್ಚು. ಆ ಬೀಗ ಒಂದು ಮೋಟಾರು ತಂದ ಅಂತ ಸುದ್ದಿ ಬಂತು. ನಮ್ಮಪ್ಪ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಕನೇ ದಿನ ಬೆಳಗಾವಿಗೆ ಹೋದ. ಬರೂಮುಂದ ಹಸರ ಬಣ್ಣ ಉದುರಿದ ಒಂದು ಜೀಪು, ಅದನ್ನ ನಡಸಾಕ ಒಬ್ಬ ಮನಿಷ್ಯಾ, ಎರಡನ್ನೂ ಕೂಡೇ ತಂದ. ಬಾಗಲಿಲ್ಲ, ಮ್ಯಾಲ ಕ್ಯಾನವಾಸಿನ ತುಕಡಿ ಒಂದ, ನಡಸಾಂವ ಎಡಗಡೆ ಕುಂಡರೂ ಗಾಡಿ. ಊರ ಮಂದಿ ದೀಪಾವಳಿಗೆ ಆಕಳ ನೋಡಾಕ ಬಂದ್ಹಂಗ ಬಂದು ನೋಡಿದ್ರು. ನಮ್ಮವ್ವ ಅದಕ್ಕ ಕುಂಕುಮ ಹಚ್ಚಿ ಒಂದು ಕಾಯಿ ಒಡದ್ಲು.

ಆ ಮನಿಷ್ಯಾಗ ಎಲ್ಲಾರೂ ಉಸ್ತಾದ ಅಂತಿದ್ರು. ಹತ್ತರಗಿ ಬಾಜೂದಾಂವ, ಲಡಾಯಿಯೊಳಗ ಬರ್ಮಾದ ಕಾಡಿನಾಗ ಜೀಪು ನಡಿಸಿ ಬಂದಾಂವ. ಊರ ಹೊರಗಿನ ಕೇರ್ಯಾಗ ಹುಟ್ಟಿದಾಂವ ಅಂತ ನಮ್ಮಪ್ಪ ಅಂವನ್ನ ಕಟ್ಟಿ ಮ್ಯಾಲ ಕುಂಡರಾಕ ಬಿಡತಿರಲಿಲ್ಲ, ಚಹಾ ಬ್ಯಾರೆ ಬಟ್ಟಲದಾಗ ಹೊರಗ ಹೋಗತಿತ್ತು. ಆದ್ರ ಜೀಪಿನಾಗ ಅಂವನ ಬಾಜೂಕ ತೊಡಿಗೆ ತೊಡಿ ಹಚ್ಚಿ ಗೋಕಾಕದ ಸಂತಿಗೆ ಹೋಗತಿದ್ದ. ಜೀಪಿನಾಗ ಮೈಲಿಗಿ ಇಲ್ಲೇನು ಅಂತ ನಮ್ಮವ್ವ ಒಮ್ಮೆ ಕೇಳಿದಳು, ಆಕಿಗೆ ಬೈಗಳ ಬಿದ್ದುವು. ನನಗೂ ಆಗ ಅದರಾಗ ತಪ್ಪು ಕಾಣತಿರಲಿಲ್ಲ. ಈಗ ಹೇಳಾಕ ನಾಚಿಕಿ ಆಗತೈತಿ.

ಉಸ್ತಾದ ನನಗ ಜೀಪು ಕಲಿಸಬೇಕು ಅಂತ ಅಪ್ಪನ ಹುಕುಂ ಆತು. ನನಗ ಹತ್ತೊಂಬತ್ತು. ಗೋಕಾಕದಾಗ ಸಾಲಿ ಅರ್ಧಕ್ಕ ಬಿಟ್ಟು ಮನಿಗೆ ಬಂದು ಬಿದ್ದಿದ್ದೆ. ನನಗಿಂತ ಆರು ವರ್ಷ ದೊಡ್ಡಾಂವ ನಮ್ಮಣ್ಣ. ಅಂವಗ ಜೀಪು ಬ್ಯಾಡಾಗಿತ್ತು. ಅಂವ ಕುಸ್ತಿ ಪೈಲವಾನ, ಗರಡಿ ಮಣ್ಣು ಬಿಟ್ರ ಅಂವಗ ಬ್ಯಾರೆ ಜಗತ್ತಿಲ್ಲ. ಮುಂಜಾನಿ ಎದ್ದು ಸಾವಿರ ಬೈಠಕ್ ಹೊಡಿಯಾಂವ, ಎರಡ ಸೇರ ಹಾಲು ಕುಡಿಯಾಂವ, ಹೆಂಡ್ತಿ ಮಗಾ ಇದ್ರೂ ಗರಡಿ ಬಾಜೂದ ಖೋಲಿಯಾಗ ಮಲಗಾಂವ. ಕೊಲ್ಲಾಪುರದ ಒಬ್ಬ ಪೈಲವಾನನ ಕೂಡ ಗೋಕಾಕದಾಗ ಅಂವನ ದೊಡ್ಡ ಕುಸ್ತಿ ನಿಕ್ಕಿ ಆಗಿತ್ತು. ಅದನ್ನ ಗೆದ್ದರ ಮುಂದ ಅಂವಗ ತಡಿಯವರಿಲ್ಲ ಅಂತ ಊರ ಮಂದಿ ಮಾತಾಡತಿದ್ರು. ನನ್ನ ಬಗ್ಗೆ ಯಾರೂ ಏನೂ ಮಾತಾಡತಿರಲಿಲ್ಲ. ಜೀಪು ಬಂದ ಮ್ಯಾಲ ಮಾತಾಡಾಕ ಹತ್ತಿದ್ರು, ನನಗ ಅದ ಬೇಕಾಗಿತ್ತು.

ಉಸ್ತಾದನ ಕಲಿಸೂ ರೀತಿ ನೆನದ್ರ ಈಗ ನಗು ಬರತೈತಿ, ಆಗ ಕೊಲ್ಲೂವಷ್ಟು ಸಿಟ್ಟು ಬರತಿತ್ತು. ಜೀಪಿನ ಹೊರಗ ನನಗ "ಸಣ್ಣ ಗೌಡ್ರ, ಬರ್ರಿ" ಅಂತ ತೆಲಿ ಬಗ್ಗಿಸಿ ಕರೀತಿದ್ದ. ಒಳಗ ಕುಂತ ಕೂಡಲೆ "ಏ ಮಂಗ್ಯಾನ ಮಗನ, ಹೆಬ್ಬೆಟ್ಟು ಹೊರಗ ಇಡು" ಅಂತಿದ್ದ. ಕಲ್ಲಿಗೆ ಮುಂದಿನ ಗಾಲಿ ಬಡದ್ರ ಸ್ಟೇರಿಂಗ ತಾನ ಗಿರಕ್ಕನ ತಿರಗತಿತ್ತು, ಹೆಬ್ಬೆಟ್ಟು ಒಳಗ ಇದ್ರ ಮುರದು ಕೈಯಾಗ ಕೊಡತಿತ್ತು. ನಾ ಮಾತು ಕೇಳಲಿಲ್ಲ. ಎರಡನೇ ದಿನಕ್ಕ ನನ್ನ ಹೆಬ್ಬೆಟ್ಟು ಬದನಿಕಾಯಿ ಆತು. ಉಸ್ತಾದ ನೋಡಿ, "ಈಗ ನೆನಪು ಇರತೈತಿ" ಅಂತ ಬೀಡಿ ಹಚ್ಚಿದ.

ಅಂವ ಹೇಳೂದು ಭಾಳ ಏನಿರಲಿಲ್ಲ. ಜೀಪು ಗಿಡ್ಡ ಐತಿ, ಎತ್ತರ ಐತಿ, ಅಗಲ ಇಲ್ಲ. ಜೋರಿನಾಗ ತಿರುವಿದ್ರ ಒಂದ ಕಡಿ ಗಾಲಿ ಎದ್ದ ಬಿಡತಾವ. ಎತ್ತರಕ್ಕ ಭಾರ ಹೇರಬಾರದು. ಗುಡ್ಡ ಹತ್ತಿದ್ರ ನೆಟ್ಟಗ ಹತ್ತಬೇಕು, ಇಳದ್ರ ನೆಟ್ಟಗ ಇಳೀಬೇಕು, ಇಳಕಲಕ್ಕ ಅಡ್ಡ ಹೋಗಬಾರದು. ಹೋಗಿ ವಾಲಾಕ ಹತ್ತಿದ್ರ ಬ್ರೇಕು ಹಿಡೀಬಾರದು, ಮ್ಯಾಲಕ್ಕ ತಿರುವಬಾರದು, ಮೂತಿ ತೆಳಗ ತಿರುವಿ ಇಳದ ಬಿಡಬೇಕು. "ತೆಳಗ ತಿರುವು. ಅಂಜಿಕಿ ಆದ್ರೂ ತೆಳಗ. ನಿನ್ನ ಕೈ ಮ್ಯಾಲಕ್ಕ ಅಂತೈತಿ, ಕೈ ಮಾತು ಕೇಳಬ್ಯಾಡ" ಅಂತಿದ್ದ. ನಮ್ಮ ಊರ ಕೈಗಳ ರೋಗ ಏನಂತ ಅಂವಗ ಗೊತ್ತಿತ್ತು. ಒಂದು ಸಣ್ಣ ಇಳಕಲದಾಗ ಇಪ್ಪತ್ತು ಸಲ ಅದನ್ನ ಮಾಡಿಸಿದ, ನನ್ನ ಕೈ ಬದಲಾಗೂತನಕ.

ಒಮ್ಮೆ ನಮ್ಮಪ್ಪ ಹಿಂದಿನ ಸೀಟಿನಾಗ ಕುಂತು ಇದನ್ನ ನೋಡಿದ. ಮನಿಗೆ ಬಂದು ಕಟ್ಟಿ ಮ್ಯಾಲ ಕುಂತು, ಉಸ್ತಾದಗ ಕೇಳೂಹಂಗ, "ತೆಳಗ ತಿರುವೂದಂತ. ಹೊಳಿಯಾಗ ಬೀಳಾಕ. ಎತ್ತಿನ ಬಾಲಾ ಹಿಡದು ಗೊತ್ತಿಲ್ಲದಾಂವ ನನಗ ಗಾಡಿ ಕಲಿಸತಾನ" ಅಂದ. ಉಸ್ತಾದ ಅಂಗಳದಾಗ ನಿಂತು ಜೀಪಿನ ಕಾಜು ಒರಸಾಕ ಹತ್ತಿದ. ಬ್ಯಾರೆ ಯಾರರೆ ಹೇಳಿದ್ರ ಅಪ್ಪ ಕೇಳತಿದ್ನೋ ಏನೋ. ಕೇರಿಯಿಂದ ಬಂದ ಮಾತು ಅಂವನ ಕಿವಿಯೊಳಗ ಇಳೀಲಿಲ್ಲ.

ನಾ ಶ್ಯಾಣ್ಯಾ ಇದ್ದೆ ಅಂತ ಹೇಳಾಕತ್ತಿಲ್ಲ. ನಂದೂ ಮಸ್ತಿ ಇತ್ತು, ಸುಳ್ಳ ಯಾಕ ಹೇಳಲಿ. ಹತ್ತರಗಿ ಹತ್ರ ದೊಡ್ಡ ರಸ್ತೆ ನೆಟ್ಟಗ ಹೋಗತೈತಿ. ಒಂದಿನ ಅಲ್ಲಿ ಉಸ್ತಾದ ಬ್ಯಾಡ ಬ್ಯಾಡ ಅಂದ್ರೂ ಕಾಲು ಒತ್ತಿದೆ. ಗಾಳಿಗೆ ಕಣ್ಣಾಗ ನೀರು ಬರಾಕತ್ತುವು. ಅಷ್ಟರಾಗ ಒಂದು ಆಡು ಅಡ್ಡ ಬಂತು. ಸ್ಟೇರಿಂಗ ಜಗ್ಗಿದೆ. ಬಲಗಡಿ ಎರಡೂ ಗಾಲಿ ಎದ್ದುವು, ಉಸ್ತಾದ ಬಾನಕ್ಕ ಹೋದ, ನಾ ರಸ್ತೆಕ್ಕ ಮುಟ್ಟಿದಂಗ ಆತು. ಎರಡು ಗಾಲಿ ಮ್ಯಾಲ ಎಷ್ಟು ದೂರ ಹೋದಿವೋ ದೇವ್ರಿಗೇ ಗೊತ್ತು. ಧಪ್ಪಂತ ಗಾಡಿ ತೆಳಗ ಕುಂತ ಮ್ಯಾಲ ಉಸ್ತಾದ ಇಳದು ಬಂದು ನನ್ನ ಕಪಾಳಕ್ಕ ಒಂದು ಬಿಟ್ಟ. ಕೇರಿಯಾಂವ ಗೌಡನ ಮಗನ ಕಪಾಳಕ್ಕ ಹೊಡಿಯೂದಂದ್ರ ಆಗಿನ ಕಾಲದಾಗ ಏನಂತ ನೀವ ವಿಚಾರ ಮಾಡ್ರಿ. ನಾ ಅಪ್ಪಗ ಹೇಳಲಿಲ್ಲ. ದಯಾ ಬಂದು ಅಲ್ಲ, ಆಡಿನ ಸುದ್ದಿ ಹೊರಗ ಬೀಳತೈತಿ ಅಂತ. ಉಸ್ತಾದನ ಮ್ಯಾಲ ಹಲ್ಲು ಕಡಕೋತ ಉಳದೆ.

ಇನ್ನ ಆ ದಿನದ ಮಾತು. ಬಿತ್ತಿಗಿಕಿಂತ ಮೊದಲ ನಮ್ಮ ಕಡೆ ಹೊಲದಾಗ ಕುರಿ ನಿಲ್ಲಸತಾರ. ಐದು ನೂರು ಆರು ನೂರು ಕುರಿ ಒಂದು ಹೊಲದಾಗ ನಾಕು ರಾತ್ರಿ ಮಲಗಿದ್ರ ಸಾಕು, ಆ ಹಿಕ್ಕಿ ಗೊಬ್ಬರಕ್ಕ ಬೆಳಿ ಎದಿ ಮಟ ಬರತೈತಿ. ಕುರುಬರಿಗೆ ಅದಕ್ಕ ಜ್ವಾಳ ಕೊಡೂದು ಪದ್ಧತಿ. ಎಲ್ಲಾರೂ ತಮ್ಮ ಹೊಲಕ್ಕ ಅವರನ್ನ ಕರಿಯವರ, ಹಿಂಗಾಗಿ ಕುರುಬರ ಹಿರಿಯಾಂದು ಒಂದ ನೇಮ: ಯಾರ ಜ್ವಾಳದ ಚೀಲ ಮೊದಲ ಹಟ್ಟಿಗೆ ಬಂದು ಇಳೀತೈತೋ ಅವರ ಹೊಲಕ್ಕ ಮೊದಲ ಕುರಿ. ಆ ವರ್ಷ ದೊಡ್ಡ ಹಿಂಡು ನಮ್ಮ ಊರ ಮ್ಯಾಲಿನ ಗುಡ್ಡದಾಗ ಹಟ್ಟಿ ಹಾಕಿತ್ತು. ಮುಂಜಾನಿ ನ್ಯಾರೆ ಹೊತ್ತಿಗೆ ಒಬ್ಬ ಬಂದು ಹೇಳಿದ, ಮೂಡಲಗಿ ಬೀಗನ ಎತ್ತಿನ ಗಾಡಿ ಜ್ವಾಳ ಹೇರಕೊಂಡು ಗುಡ್ಡದ ದಾರಿ ಹಿಡದೈತಿ ಅಂತ.

ನಮ್ಮಪ್ಪ ಬಾಯಾಗಿನ ರೊಟ್ಟಿ ಬಿಟ್ಟು ಎದ್ದ. ಉಸ್ತಾದ ಎರಡ ದಿನ ರಜಾ ತಗೊಂಡು ಊರಿಗೆ ಹೋಗಿದ್ದ. "ತಗಿ ಜೀಪು" ಅಂದ ನನಗ. ಜೀಪಿನ ಹಿಂದ ಮೂರು ಚೀಲ ಜ್ವಾಳ ಒಂದರ ಮ್ಯಾಲ ಒಂದು ಹೇರಿಸಿದ. ಚೀಲ ಅಲಗಾಡಬಾರದಂತ ಗರಡಿಯಿಂದ ಅಣ್ಣನ್ನ ಕರಸಿ ಮ್ಯಾಲ ಕುಂಡರಿಸಿದ. ಕಬ್ಬಿನ ಗಾಡಿ ಮ್ಯಾಲ ಒಬ್ಬ ಕುಂಡರತಾನಲ್ಲ, ಹಂಗ. ಅಣ್ಣಗ ಮನಸಿರಲಿಲ್ಲ. "ಕುಸ್ತಿಗೆ ಹನ್ನೆರಡ ದಿನ ಐತಿ, ಯಪ್ಪಾ" ಅಂದ. "ಕುಂತು ಬರಾಕ ಏನ ಕಷ್ಟ" ಅಂದ ಅಪ್ಪ. ಮೈಗೆ ಹಚ್ಚಿಕೊಂಡ ಗರಡಿ ಮಣ್ಣು ತೊಳಿಯದ ಬಂದು ಅಂವ ಚೀಲದ ಮ್ಯಾಲ ಕುಂತ.

ಗುಡ್ಡಕ್ಕ ಹೋಗೂ ಗಾಡಿ ದಾರಿ ಸುತ್ತ ಹಾಕಿ ಹೋಗತೈತಿ. ತೆಳಗಿಂದ ನೋಡಿದ್ರ ಬೀಗನ ಗಾಡಿ ಅರ್ಧ ದಾರಿ ದಾಟಿತ್ತು. ಅಪ್ಪ ಇಳಕಲದ ಕಡೆ ಕೈ ಮಾಡಿ, "ಹಿಂಗ ಅಡ್ಡ ಹೊಡಿ. ಅವರಕಿಂತ ಮೊದಲ ಮುಟ್ಟತೀವಿ" ಅಂದ.

"ಅಡ್ಡ ಹೋಗಬಾರದಂತ ಉಸ್ತಾದ ಹೇಳ್ಯಾನ."

"ಉಸ್ತಾದ ನಿಮ್ಮಪ್ಪ ಏನು?"

ನಾ ಇಲ್ಲಾ ಅನ್ನಬಹುದಾಗಿತ್ತು. ಜೀಪು ನಿಂದರಿಸಿ ಇಳದು ಹೋಗಬಹುದಾಗಿತ್ತು. ಅನ್ನಲಿಲ್ಲ, ಹೋಗಲಿಲ್ಲ. ಮ್ಯಾಲ ಬೀಗನ ಆಳುಗಳು ನಮ್ಮನ್ನ ನೋಡಿ ನಿಂತಿದ್ರು, ನನಗೂ ಅವರ ಮುಂದ ಮೆರೀಬೇಕಾಗಿತ್ತು. ಆ ಅರ್ಧ ಪಾಪ ನಂದು, ನಾ ಒಪ್ಪಕೋತೇನಿ. ಸಣ್ಣ ಲಿವರ ಹಿಂದ ಜಗ್ಗಿ ನಾಕೂ ಗಾಲಿಗೆ ಜೋರ ಕೊಟ್ಟು ಇಳಕಲಕ್ಕ ಅಡ್ಡ ಹೊಂಟೆ. ನನ್ನ ಎಡಕ್ಕ ಕೊಳ್ಳ, ಬಲಕ್ಕ ಗುಡ್ಡ. ಬಲಗಡಿ ಸೀಟಿನಾಗ ಅಪ್ಪ, ಹಿಂದ ಚೀಲದ ಮ್ಯಾಲ ಅಣ್ಣ.

ಜೀಪಿನ ಜೋರು ಏನಂತ ಗೊತ್ತೇನು, ಅದಕ್ಕ ಬುದ್ಧಿ ಇರೂದಿಲ್ಲ. ಎತ್ತಿಗೆ ಅಂಜಿಕಿ ಇರತೈತಿ, ಮುಂದ ಅಪಾಯ ಇದ್ರ ಹೊಡದ್ರೂ ಹೆಜ್ಜಿ ಇಡೂದಿಲ್ಲ. ಜೀಪು ಹಂಗಲ್ಲ, ಕಾಲು ಒತ್ತಿದ್ರ ಸಾವಿನ ಬಾಯಿಗೂ ಹೋಗತೈತಿ. ಅರ್ಧ ದಾರಿ ಚೊಲೋ ಬಂದಿವಿ. ಆಮ್ಯಾಲ ಬಲಗಡಿ ಮುಂದಿನ ಗಾಲಿ ಒಂದು ಬಂಡೆಗಲ್ಲಿನ ಮ್ಯಾಲ ಏರಿತು, ಎಡಗಡಿ ಗಾಲಿ ಸಡ್ಲ ಮಣ್ಣಿನಾಗ ಇಳೀತು. ಜೀಪು ಕೊಳ್ಳದ ಕಡೆ ವಾಲಿತು. ಹಿಂದ ಚೀಲ ಸರದದ್ದು ನನ್ನ ಬೆನ್ನಿಗೆ ತಿಳೀತು. ನನ್ನ ಕೈ ತಾವ ತೆಳಗ ತಿರುವಾಕ ಹತ್ತಿದುವು, ಉಸ್ತಾದ ಇಪ್ಪತ್ತು ಸಲ ಮಾಡಿಸಿದ್ದ. ಮೂತಿ ಇಳಿಯಾಕ ಹತ್ತಿತ್ತು.

"ಮ್ಯಾಲಕ್ಕ, ಮ್ಯಾಲಕ್ಕ" ಅಂತ ಅಪ್ಪ ಚೀರಿದ. ಬರೇ ಚೀರಿ ಬಿಟ್ಟಿದ್ರ ಬದಕತಿದ್ವಿ. ಎರಡೂ ಕೈಲೆ ಸ್ಟೇರಿಂಗ ಹಿಡದು ತನ್ನ ಕಡೆ ಜಗ್ಗಿದ. ನಲವತ್ತು ವರ್ಷ ಎತ್ತಿನ ಹಗ್ಗ ಜಗ್ಗಿದ ಕೈ ಅವು, ಹತ್ತೊಂಬತ್ತರ ಹುಡುಗನ ಕೈಗೆ ಅವನ್ನ ತಡಿಯೂ ತಾಕತ್ತು ಇರಲಿಲ್ಲ. ಮೂತಿ ಗುಡ್ಡದ ಕಡೆ ತಿರಗಿತು. ಎತ್ತಾಗಿದ್ರ ಎದಿ ಕೊಟ್ಟು ನಿಲ್ಲತಿದ್ದುವು. ಜೀಪು ಬಲಗಡಿ ಎರಡೂ ಗಾಲಿ ಎತ್ತಿ ಸಾವಕಾಶ ಮಗಚಿತು. ಅಷ್ಟು ಸಾವಕಾಶ ಆತು ಅಂತ ಹೇಳಿದ್ರ ಯಾರೂ ನಂಬೂದಿಲ್ಲ. ನಾ ಮೊದಲ ಹೊರಗ ಬಿದ್ದು ಕೊಳ್ಳಕ್ಕ ಉರುಳಿದೆ. ಜೀಪು ಒಂದು ಬಂಡೆಗಲ್ಲಿಗೆ ತಡದು ಮಗ್ಗಲಾಗಿ ನಿಂತಿತು, ಇಲ್ಲಂದ್ರ ನನ್ನ ಮ್ಯಾಲ ಬರತಿತ್ತು. ಅಪ್ಪ ಮುಂದಿನ ಕಾಜಿನ ಚೌಕಟ್ಟು ಹಿಡಕೊಂಡು ಜೋತಾಡಾಕತ್ತಿದ್ದ, ಅಂವಗ ಮೊಣಕೈ ಒಂದ ತೆರಚಿತ್ತು. ಅಣ್ಣ ಜ್ವಾಳದ ಕೂಡ ಬಿದ್ದಿದ್ದ. ಅಂವನ ಬಲಗಾಲು ಮೊಣಕಾಲಿನ ತನಕ ಜೀಪಿನ ತೆಳಗ ಇತ್ತು.

ಅಣ್ಣ ಚೀರಲಿಲ್ಲ. ಕಾಲಿನ ಕಡೆ ನೋಡಿದ, ಆಮ್ಯಾಲ ಎದುರಿನ ಗುಡ್ಡದ ಕಡೆ ನೋಡಿದ. ಮ್ಯಾಲಿಂದ ಕುರುಬರು ಓಡಿ ಬಂದ್ರು. ಏಳೆಂಟು ಮಂದಿ ಜೀಪು ಎತ್ತಿ ಹಿಡದು ಅಂವನ್ನ ಹೊರಗ ತಗದ್ರು. ಒಂದು ಕಂಬಳಿ ಹಾಸಿ ಅದರಾಗ ಮಲಗಿಸಿ ನಾಕೂ ತುದಿ ಹಿಡದು ಹೊತ್ತರು. ಆಗ ಅಪ್ಪ ಬಾಯಿ ತಗದ. ಎಲ್ಲಾರ ಮುಂದ ನನ್ನ ಕಡೆ ನೋಡಿ, "ಹುಡುಗನ ಕೈಯಾಗ ಕೊಟ್ಟೆ. ನಂದ ತಪ್ಪು" ಅಂತ ಎದಿ ಬಡಕೊಂಡು ಅತ್ತ.

ಆ ಮಾತು ನೋಡ್ರಿ. ತಪ್ಪು ತನ್ನ ಮ್ಯಾಲ ಹಾಕ್ಕೊಂಡಂಗ ಐತಿ, ಬಿದ್ದದ್ದು ನನ್ನ ತೆಲಿ ಮ್ಯಾಲ. ಅಂವ ಬೇಕಂತ ಸುಳ್ಳ ಹೇಳಿದನೋ, ತನ್ನ ಕೈ ಏನ ಮಾಡಿತು ಅಂತ ಅಂವಗ ಖರೇನ ಗೊತ್ತಾಗಿರಲಿಲ್ಲೋ, ನನಗ ಇವತ್ತಿಗೂ ತಿಳಿದಿಲ್ಲ. ಕುರುಬರ ಹಿರಿಯಾ ನನ್ನ ಕಡೆ ನೋಡಿ ನೆಲಕ್ಕ ಉಗುಳಿದ. ಕುರಿ ಮೂಡಲಗಿ ಬೀಗನ ಹೊಲಕ್ಕ ಹೋದುವು.

ಬೆಳಗಾವಿಗೆ ಒಯ್ದಿವಿ, ಎಲುಬು ಕಟ್ಟವರನ್ನ ಮನಿಗೆ ಕರಸಿದಿವಿ. ಅಣ್ಣ ಆರು ತಿಂಗಳು ಹಾಸಗಿ ಹಿಡದ. ಎದ್ದಾಗ ಬಲಗಾಲು ಮೂರು ಬಟ್ಟು ಗಿಡ್ಡ ಆಗಿತ್ತು, ಮೊಣಕಾಲು ಬಗ್ಗತಿರಲಿಲ್ಲ. ಕುಸ್ತಿ ಅಲ್ಲಿಗೆ ಮುಗೀತು. ಗರಡಿಯ ಹುಡುಗ್ರು ನಾ ದಾರಿಗೆ ಬಂದ್ರ ಮಗ್ಗಲಕ್ಕ ಸರಿಯದ ಎದಿ ಕೊಟ್ಟು ನಿಂದರತಿದ್ರು. ಅಣ್ಣ ನನ್ನ ಹೆಸರು ಬಿಟ್ಟು "ಕಾಲು ತಿಂದಾಂವ" ಅಂತ ಕರಿಯಾಕ ಹತ್ತಿದ. ಕಾಲು ತಿಂದಾಂವ ಬಂದ್ನೇನು, ಕಾಲು ತಿಂದಾಂವಗ ಉಣ್ಣಾಕ ನೀಡ್ರಿ. ನಾ ಪಂಕ್ತಿಗೆ ಕುಂತ್ರ ತನ್ನ ತಾಟು ಎಳಕೊಂಡು ಅತ್ಲಾಗ ಸರೀತಿದ್ದ. ಅಣ್ಣನ ಹೆಂಡ್ತಿ, ನಮ್ಮ ವೈನಿ, ತಾಟಿಗೆ ರೊಟ್ಟಿ ಒಗಿಯೂ ಸಪ್ಪಳದಾಗ ಸಿಟ್ಟು ಕೇಳತಿತ್ತು.

ಉಸ್ತಾದ ಮೂರನೇ ದಿನ ಬಂದ. ಮನಿಗೆ ಬರೂಕಿಂತ ಮೊದಲ ಗುಡ್ಡಕ್ಕ ಹೋಗಿ ಗಾಲಿ ಗುರುತು ನೋಡಿ ಬಂದಿದ್ದ. ನನ್ನನ್ನ ಹಿತ್ತಲಕ್ಕ ಕರದು, "ಗುರುತು ಮ್ಯಾಲಕ್ಕ ತಿರಗ್ಯಾವ" ಅಂದ. "ಮೊದಲ ತೆಳಗ ತಿರುವಿ, ಆಮ್ಯಾಲ ಮ್ಯಾಲಕ್ಕ ತಿರುವೀರಿ. ಯಾಕ?" ಅಂತ ಮತ್ತ ಕೇಳಿದ. ಮಣ್ಣು ಓದೂ ಮನಿಷ್ಯಾ ಅಂವ. ಅಲ್ಲಿತನಕ ಓದಿದಾಂವಗ ಮುಂದಿಂದು ಒಂದ ಅಕ್ಷರ ನಾ ಹೇಳಬೇಕಾಗಿತ್ತು. ಅಷ್ಟರಾಗ ಅಪ್ಪ ಹಿಂದಿಂದ ಬಂದು, "ಕಲಿಸಾಂವಗ ಬರಲಿಲ್ಲಂದ್ರ ಹುಡುಗಗ ಹೆಂಗ ಬರಬೇಕು. ನಡಿ, ನನ್ನ ಅಂಗಳ ಬಿಡು" ಅಂದ. ಉಸ್ತಾದ ತನ್ನ ಟ್ರಂಕು ಹೊತ್ತುಕೊಂಡ. ಹೋಗೂಮುಂದ ನನಗ ಸಣ್ಣ ಗೌಡ್ರ ಅನ್ನಲಿಲ್ಲ. "ನಿನಗ ಕಲಿಸಿದ್ದು ಹಾಳಾತು" ಅಂದ, ಅಷ್ಟ. ಮುಂದ ಅಂವ ಬೌದ್ಧ ಧರ್ಮ ತಗೊಂಡ, ಲಾರಿ ನಡಸತಾನ ಅಂತ ಸುದ್ದಿ ಕೇಳಿದೆ. ಹತ್ತರಗಿ ಏನ ದೂರ? ಒಂದಿನ ಹೋಗಿ ಖರೆ ಹೇಳಿ ಬರಾಕ ನನಗ ಕಾಲು ಇದ್ದುವು,  ಅಣ್ಣನಂಗ ಮುರದಿರಲಿಲ್ಲ. ಹೋಗಲಿಲ್ಲ. ಅಂವನ ಮುಂದ ನಾ ಹೇಡಿ.

ಮನ್ಯಾಗ ಯಾಕ ಹೇಳಲಿಲ್ಲ ಅಂತ ಕೇಳತೀರಿ. ಹೇಳಾಕ ಹೊಂಟಿದ್ದೆ. ಒಂದು ಸಂಜಿಕ ಎದಿ ಗಟ್ಟಿ ಮಾಡಿಕೊಂಡು ಅಣ್ಣನ ಖೋಲಿ ಬಾಗಲಕ್ಕ ಬಂದೆ. ಒಳಗ ಅಪ್ಪ ಅಂವನ ಕಾಲು ತನ್ನ ತೊಡಿ ಮ್ಯಾಲ ಇಟ್ಟಕೊಂಡು ಎಣ್ಣಿ ತಿಕ್ಕತಿದ್ದ. ಯಾರಿಗೂ ತೆಲಿ ಬಗ್ಗಿಸದ ಮನಿಷ್ಯಾ, ಕೂಸಿನ ಕಾಲು ತಿಕ್ಕಿದಂಗ ತಿಕ್ಕತಿದ್ದ. ಅಣ್ಣ ಕಣ್ಣು ಮುಚ್ಚಿಕೊಂಡಿದ್ದ. ಹೇಳಿದ್ರ ಅಪ್ಪನ ಆ ತಿಕ್ಕೂದು, ಅಣ್ಣನ ಆ ನೆಮ್ಮದಿ, ಎರಡೂ ಮುಗೀತಿದ್ದುವು. ತಿರಗಿ ಬಂದೆ. ಆ ಮ್ಯಾಲ ದಿನಾ ನನಗ ಬೈಗಳ ಬಿದ್ದಾಗ ಅಪ್ಪ ಅಲ್ಲೇ ಕುಂತಿರತಿದ್ದ, ಎಲಿ ಅಡಕಿ ಹಾಕ್ಕೋತ. ಒಂದ ಸಲ, ಒಂದ ಸಲ ಸಾಕು ಬಿಡು ಅಂತ ಅನ್ನಲಿಲ್ಲ. ಅಪ್ಪ ಅಂತ ನಾ ಕರಿಯೂದು ಬಿಡಲಿಲ್ಲ, ಒಳಗ ಮಾತ್ರ ಅಂವ ನನಗ ಅವತ್ತ ಸತ್ತಿದ್ದ.

ಜೀಪು ರಿಪೇರಿ ಮಾಡಿಸಿ ಮೂಡಲಗಿ ಬೀಗಗ ಮಾರಿದ್ವಿ. ನಾ ಮತ್ತ ನೇಗಿಲ ಹಿಡದೆ. ಎರಡು ಕಡೆ ಕನ್ಯಾ ನೋಡಾಕ ಹೋದ್ರ, ಅಣ್ಣನ ಕಾಲು ಮುರದ ಹುಡುಗಲ್ಲ ಅಂತ ಚಹಾ ಕುಡಸಿ ಕಳಿಸಿದ್ರು. ಮೂರನೇ ಕಡೆ ಆತು. ಹಿಂಗ ಹದಿನೈದು ವರ್ಷ ಹೋದುವು. ಅದರೊಳಗ ಅವ್ವ ಹೋದ್ಲು. ಅದಾಗಿ ಎರಡು ವರ್ಷಕ್ಕ ಅಪ್ಪ ಹೋದ. ಅಪ್ಪನ ವರ್ಷಾಬ್ದಿಕ ಮುಗದ ಮ್ಯಾಲ ಅಣ್ಣ ಒಂದು ಟ್ರ್ಯಾಕ್ಟರ ತಂದ. ಜೀಪು ಉರುಳಿದಾಗ ಮೂರು ವರ್ಷದ ಕೂಸು ಇದ್ದ ಅಂವನ ಮಗಗ ಈಗ ಹದಿನೆಂಟಾಗಿತ್ತು, ನೆಲಕ್ಕ ಕಾಲು ಹತ್ತತಿರಲಿಲ್ಲ. ಕೀಲಿ ಕೈಗೆ ಬಂದ ದಿನಾನ ಬದುವು ಹತ್ತಿಸಿ ಒಂದು ಬೇವಿನ ಗಿಡಕ್ಕ ಗುದ್ದಿದ.

ಮರುದಿನ ಮಧ್ಯಾಹ್ನ ಅಣ್ಣ ಕುಂಟಕೋತ ಕಣಕ್ಕ ಬಂದ. ನಾ ಜ್ವಾಳ ತೂರತಿದ್ದೆ.

"ಹುಡುಗಗ ಟ್ರ್ಯಾಕ್ಟರ ಕಲಿಸು" ಅಂದ.

ನಾ ತೆಲಿ ಎತ್ತಲಿಲ್ಲ. "ಬ್ಯಾರೇದವರನ್ನ ನೋಡು. ನಾ ಕಾಲು ತಿಂದಾಂವ. ನಿನ್ನ ಮಗಂದೂ ತಿಂದಗಿಂದೇನು."

"ನಿನಗ ಬರತೈತಿ. ಇಳಕಲದಾಗ ತೆಳಗ ತಿರುವಬೇಕಂತ ನಿನ್ನ ಕೈಗೆ ಗೊತ್ತೈತಿ."

ನಾ ಮೊರ ಕೆಳಗಿಟ್ಟೆ. ಉಸ್ತಾದ ಏನರೆ ಬಂದು ಹೇಳಿದ್ನೋ ಅಂತ ಒಮ್ಮೆ ಅನಿಸಿತು. "ಯಾರು ಹೇಳಿದ್ರು ನಿನಗ?"

"ಯಾರು ಹೇಳಬೇಕು. ನಾ ಹಿಂದ ಚೀಲದ ಮ್ಯಾಲ ಕುಂತಿದ್ದೆ. ನಿಮ್ಮಿಬ್ಬರ ತೆಲಿ ನನ್ನ ತೆಳಗ ಇದ್ದುವು. ನೀ ತೆಳಗ ತಿರುವಾಕ ಹತ್ತಿದ್ದಿ. ಅಪ್ಪ ಎರಡೂ ಕೈಲೆ ತನ್ನ ಕಡೆ ಜಗ್ಗಿದ. ನೋಡೇನಿ."

ಬಿಸಲಿಗೋ ಏನೋ ಕಣದಾಗ ಕುಂತ ಬಿಟ್ಟೆ. ಅಂವ ನಿಂತ ಇದ್ದ, ಅಂವಗ ಕುಂಡರೂದು ಏಳೂದು ತ್ರಾಸು.

"ನೋಡಿದಾಂವ ಹದಿನೈದು ವರ್ಷ ನನಗ ಯಾಕ ಬೈದಿ?"

"ಸಿಟ್ಟು ಎಲ್ಲೆರೆ ಹಾಕಬೇಕಾಗಿತ್ತು. ಅಪ್ಪಗ ಹೆಂಗ ಹಾಕಲಿ? ದಿನಾ ಬಂದು ಕಾಲು ತಿಕ್ಕತಿದ್ದ. ಅಂವಗ ನಾ ಒಂದ ಮಾತು ಅಂದಿದ್ರ ಅಂವ ಬಾವಿ ನೋಡತಿದ್ದ. ನೀ ಸಣ್ಣಾಂವ ಇದ್ದಿ, ತಡಕೋತಿ ಅಂತ ಮಾಡಿದ್ದೆ."

ತಡಕೋತಿ ಅಂತ ಮಾಡಿದ್ದ. ನಾನೂ ಅಪ್ಪನ್ನ ಉಳಸಾಕ ಬಾಯಿ ಮುಚ್ಚಿಕೊಂಡಿದ್ದೆ, ಅಂವನೂ ಅಪ್ಪನ್ನ ಉಳಸಾಕ. ಆದ್ರ ಅಂವ ಬಾಯಿ ಮುಚ್ಚಿಕೊಂಡಿರಲಿಲ್ಲ, ನನ್ನ ಮ್ಯಾಲ ತಗದಿದ್ದ. ಮೊರದಲೆ ಅಂವನ ಮಾರಿಗೆ ಬಡೀಬೇಕು ಅನಿಸಿತು. ಆಗ ನನಗ ಅವ್ವ ನೆನಪಾದ್ಲು. ಸಾಯೂ ದಿನ ಮುಂಜಾನಿ ನನ್ನನ್ನ ಹತ್ರ ಕರದು ಕೈ ಹಿಡದು, ನಿನ್ನ ಮ್ಯಾಲ ನನಗ ಸಿಟ್ಟಿಲ್ಲಪಾ, ವಯಸ್ಸು ಹಂಗಿತ್ತು, ಅಣ್ಣನ ಕಾಲು ನೀ ಬೇಕಂತ ಮುರೀಲಿಲ್ಲ, ನಾ ಕ್ಷಮಾ ಮಾಡೇನಿ ಅಂದಿದ್ಲು. ನಾ ಹೂಂ ಅಂದಿದ್ದೆ. ಹಾಸಗಿ ಆ ಕಡಿ ಮಗ್ಗಲಕ್ಕ ಅಣ್ಣ ಕುಂತಿದ್ದ, ಆಕಿ ಬಾಯಿಗೆ ಚಮಚಾಲೆ ನೀರು ಬಿಡಕೋತ.

"ಅವ್ವ ನನಗ ಕ್ಷಮಾ ಮಾಡೇನಿ ಅಂದಾಗ ನೀ ಅಲ್ಲೇ ಇದ್ದಿ" ಅಂದೆ.

"ಇದ್ದೆ."

"ಅವಾಗರೆ ಹೇಳಬೇಕಾಗಿತ್ತಲ್ಲ. ಆಕಿ ಕಿವಿಯಾಗ ಹೇಳಿದ್ರ ಏನಾಗತಿತ್ತು?"

"ಅಪ್ಪ ಬಾಗಲದಾಗ ನಿಂತಿದ್ದ" ಅಂದ.

ನನಗ ಗೊತ್ತಿರಲಿಲ್ಲ. ನನ್ನ ಬೆನ್ನು ಬಾಗಲಕ್ಕ ಇತ್ತು. ಹಂಗಂದ್ರ ಮೂರೂ ಮಂದಿ ಗಂಡಸರು ಅಲ್ಲೇ ಇದ್ವಿ, ಇಬ್ಬರಿಗಂತೂ ಖರೆ ಗೊತ್ತಿತ್ತು, ಅಪ್ಪಗೂ ಗೊತ್ತಿತ್ತೋ ಏನೋ, ಮುದುಕಿ ಏನೂ ಮಾಡದ ಮಗಗ ಕ್ಷಮಾ ಕೊಟ್ಟು ಹೋದ್ಲು. ನಾ ಅಣ್ಣಗ ಬೈಯಲಿಲ್ಲ. ಬೈಯಾಕ ಸುರು ಮಾಡಿದ್ರ ನಾ ನಿಲ್ಲಸತಿರಲಿಲ್ಲ.

ಮರುದಿನ ಹುಡುಗನ್ನ ಟ್ರ್ಯಾಕ್ಟರ ಮ್ಯಾಲ ಕುಂಡರಿಸಿದೆ. ಗುಡ್ಡದ ಬುಡಕ್ಕ ಒಯ್ದು ಸಣ್ಣ ಇಳಕಲದಾಗ ಮೂವತ್ತು ಸಲ ತೆಳಗ ತಿರುವಿಸಿದೆ, ಅಂವ ಅಳೂತನಕ. ಅಣ್ಣ ದೂರಿಂದ ಕುಂಟಕೋತ ಬಂದು, ನಾನೂ ಬಾಜೂಕ ಕುಂಡರತೇನಿ ಅಂತ ಮಡಗಾರ್ಡ ಮ್ಯಾಲ ಕೈ ಇಟ್ಟ. ಸ್ಟೇರಿಂಗ ಬಾಜೂಕ ಇನ್ನೊಂದ ಕೈ ಬ್ಯಾಡ, ತಗಿ ಅಂದೆ. ತಗೀಲಿಲ್ಲ. ನಾನ ಇಳದು ಬಂದು ಅಂವನ ಕೈ ಬಿಡಿಸಿದೆ. ಆ ಮ್ಯಾಲ ಎರಡು ವರ್ಷ ಅಂವನ ಕೂಡ ಮಾತಾಡಲಿಲ್ಲ.